ಕಾರ್ ಶೆಡ್ಡಿನಲ್ಲಿ ಮಣೇವು

ಚೆನ್ನೈನ ಮೈಲಾಪೂರಿನಲ್ಲಿ ಮನೆ ಸಿಕ್ಕಿದ್ದು ಅಪ್ಪನ ಹಣೆಯಿಂದ.

ದಿನೇಶ ಸರ್ಕಾರಿ ವಿಮಾ ಕಚೇರಿಯಲ್ಲಿ ಅಧಿಕಾರಿ. ಆ ಗುರುತಿನ ಚೀಟಿ ಹಿಡಿದು ಏಳು ಮನೆಗಳ ಬಾಗಿಲಲ್ಲಿ ನಿಂತಿದ್ದ. ಏಳು ಕಡೆಯೂ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಮನೆಯಲ್ಲಿ ಏನೇನು ಬೇಯಿಸುತ್ತೀರಿ ಎಂದು ಕೇಳಿದರು. ಆಮೇಲೆ ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎಂದರು. ಎಂಟನೆಯ ಮನೆಗೆ ಹೋದಾಗ ಅಪ್ಪನೂ ಜೊತೆಯಲ್ಲಿದ್ದ. ಮಂಡಿನೋವಿಗೆಂದು ಊರಿನಿಂದ ಕರೆಸಿಕೊಂಡಿದ್ದ ಅಪ್ಪನನ್ನು ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ನೇರವಾಗಿ ಆಟೋದಲ್ಲಿ ಬಂದಿದ್ದರು. ಅಪ್ಪ ತಮ್ಮಯ್ಯನ ಹಣೆಯ ಮೇಲೆ ಮೂರೆಳೆಯ ಉದ್ದ ನಾಮ, ಕೊರಳಲ್ಲಿ ತುಳಸಿಮಣಿ. ಬಾಗಿಲ ಮೇಲಿದ್ದ ಕೃಷ್ಣನ ಪಟ ಕಂಡದ್ದೇ ಅವನು ಎರಡೂ ಕೈ ಎತ್ತಿ ಗೋವಿಂದಾ ಎಂದ. ಆ ಕೂಗಿಗೆ ಮನೆಯ ಸೊಸೆ ಶ್ರೀಪ್ರಿಯಾ ಹೊರಗೆ ಬಂದಳು. ನಾಮ ನೋಡಿದಳು, ಮಣಿ ನೋಡಿದಳು. ನೀವೂ ವೈಷ್ಣವರೇ ಎಂದು ತಮಿಳಿನಲ್ಲಿ ಕೇಳಿದಳು. ತಿರುಪತಿ ತಿಮ್ಮಪ್ಪ ನಮ್ಮ ಮನೆದೇವರು ಎಂದ ದಿನೇಶ. ಅದು ಸುಳ್ಳಲ್ಲ. ಆದರೆ ಅವಳು ಏನು ತಿಳಿದುಕೊಂಡಳು ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡ. ಸಂಜೆಗೆ ಮಹಡಿಯ ಬೀಗದ ಕೈ ಸಿಕ್ಕಿತು. ಮುಂದಿನ ವಾರ ಅವ್ವನನ್ನೂ ಊರಿನಿಂದ ಕರೆಸಿಕೊಂಡ.

ಶ್ರೀಪ್ರಿಯಾಳನ್ನು ದೂರಿ ಫಲವಿಲ್ಲ. ಅವಳು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಅವಳ ಗಂಡ ಸಂಜೀವ ರಾವ್ ಆಡಿಟರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವರ ಮನೆ. ಮನೆಯೊಳಗೆ ಕನ್ನಡ ಆಡುತ್ತಾರೆ, ಅದರಲ್ಲಿ ಅರ್ಧ ತಮಿಳು. ಯಾವ ಕನ್ನಡ ಯಾವ ಬೀದಿಯದು ಎಂದು ಕಿವಿಯಿಂದ ತಿಳಿಯುವ ಶಕ್ತಿ ಆ ಮನೆಯಲ್ಲಿ ಒಬ್ಬರಿಗೇ ಇತ್ತು. ಸಂಜೀವ ರಾವ್ ಅವರ ತಾಯಿ ಭೀಮಾಬಾಯಿಗೆ. ಆ ಮುದುಕಿ ಆಗ ಬೆಂಗಳೂರಿನ ಮಗಳ ಮನೆಯಲ್ಲಿದ್ದರು. ಹಾಗಾಗಿ ಎರಡು ತಿಂಗಳು ಏನೂ ತೊಂದರೆಯಾಗಲಿಲ್ಲ.

ತಮ್ಮಯ್ಯ ದಾಸಯ್ಯ. ನರಸೀಪುರದ ಕಡೆಯ ಒಂದು ಕೇರಿಯವನು. ಅಪ್ಪನಿಂದ ಮಗನಿಗೆ ಬಂದ ಶಂಖ, ಜಾಗಟೆ, ಭಿಕ್ಷೆಯ ಪಾತ್ರೆ ಬವನಾಸಿ ಅವನ ಆಸ್ತಿ. ಶ್ರಾವಣದ ಶನಿವಾರಗಳಲ್ಲಿ ಊರೂರು ಸುತ್ತಿ ಗೋವಿಂದನ ಹೆಸರಲ್ಲಿ ಪಡಿ ಎತ್ತುತ್ತಿದ್ದ. ಗೌಡರ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ವಾಸಿಯಾದರೆ, ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ, ಹರಕೆ ತೀರಿಸಲು ಅವನನ್ನು ಕರೆಸುತ್ತಿದ್ದರು. ಆ ಹರಕೆಗೆ ಮಣೇವು ಎಂದು ಹೆಸರು. ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಪುರಿ ಕಲಸಿದ ರಸಾಯನವನ್ನು ತಟ್ಟೆಗೆ ಸುರಿದು ನೆಲದ ಮೇಲಿಡುತ್ತಾರೆ. ದಾಸಯ್ಯ ಮಂಡಿಯೂರಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಾಯಿಯಿಂದಲೇ ಅದನ್ನು ತಿಂದು ಮುಗಿಸಬೇಕು. ಮೂಗು, ಗಲ್ಲ, ಹಣೆಯ ನಾಮ ಎಲ್ಲವೂ ರಸಾಯನವಾಗುತ್ತದೆ. ಸುತ್ತ ನಿಂತವರು ಗೋವಿಂದಾ ಎನ್ನುತ್ತಾರೆ. ತಟ್ಟೆ ಖಾಲಿಯಾದರೆ ಹರಕೆ ಸಂದಿತು. ಆ ಹೊತ್ತು ದಾಸಯ್ಯನ ಶಂಖಕ್ಕೆ ಗೌಡರೂ ಕೈ ಮುಗಿಯುತ್ತಿದ್ದರು. ಆದರೆ ಆ ಹೊತ್ತಿನಲ್ಲೂ ದಾಸಯ್ಯ ಅಂಗಳ ದಾಟಿ ಜಗಲಿ ಹತ್ತುವಂತಿರಲಿಲ್ಲ.

ಆ ಬವನಾಸಿಯ ಅಕ್ಕಿಯಿಂದಲೇ ದಿನೇಶ ಬೆಳೆದ. ಹತ್ತಾರು ಮನೆಗಳ ಅಕ್ಕಿ, ಒಂದು ದಪ್ಪ, ಒಂದು ಸಣ್ಣ, ಒಂದರಲ್ಲಿ ಹುಳ. ಅವ್ವ ಪ್ರೇಮಮ್ಮ ಕಣ್ಣು ಕಿರಿದು ಮಾಡಿಕೊಂಡು ಆರಿಸಿ ಬೇಯಿಸುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ದಿನೇಶ ಅಪ್ಪನ ಹಿಂದೆ ಜಾಗಟೆ ಹಿಡಿದು ಹೋಗಿದ್ದ. ಗೌಡರ ಅಂಗಳದಲ್ಲಿ ಅಪ್ಪ ತಟ್ಟೆಗೆ ಬಾಯಿ ಹಾಕಿದ್ದನ್ನು ನೋಡಿದ. ಜಾಗಟೆಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಮನೆಗೆ ಬಂದುಬಿಟ್ಟ. ಆದರೆ ಅಪ್ಪ ಆ ದಿನ ತಂದ ಅಕ್ಕಿಯ ಅನ್ನವನ್ನು ದಿನೇಶ ಸಂಜೆ ಎರಡು ಸಲ ಬಡಿಸಿಕೊಂಡು ತಿಂದ. ಮುಂದೆ ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಕೃಷಿ ಎಂದು ಬರೆದ. ಚೆನ್ನೈನ ಮೂಳೆ ಡಾಕ್ಟರು ಎಕ್ಸರೇ ಹಿಡಿದು, ಮೂಳೆಗೆ ಮೂಳೆ ತಾಗುತ್ತಿದೆ, ಇವರು ಟೈಲ್ಸ್ ಹಾಕುವ ಕೆಲಸದವರೇ ಎಂದು ಕೇಳಿದಾಗಲೂ, ಇಲ್ಲ ಸಾರ್, ವ್ಯವಸಾಯ ಎಂದ. ತಮಿಳು ಬಾರದ ತಮ್ಮಯ್ಯ ಮಗನ ಮಾತಿಗೆ ತಲೆಯಾಡಿಸಿದ. ಇನ್ನು ಮಂಡಿ ಊರಲೇಬಾರದು, ಊರಿದರೆ ಏಳುವುದು ಕಷ್ಟ ಎಂದರು ಡಾಕ್ಟರು.

ಭೀಮಾಬಾಯಿ ಬೆಂಗಳೂರಿನಿಂದ ಬಂದ ಮಾರನೆಯ ಬೆಳಿಗ್ಗೆಯೇ ಗುಟ್ಟು ರಟ್ಟಾಯಿತು. ತಮ್ಮಯ್ಯ ಕೆಳಗೆ ನಲ್ಲಿಯ ಹತ್ತಿರ ನಿಂತು, ನೀರು ನಿಂತುಹೋಯಿತು ಎಂದು ಹೆಂಡತಿಗೆ ಕೂಗಿ ಹೇಳುತ್ತಿದ್ದ. ಒಂದೇ ಮಾತು. ಮುದುಕಿ ಜಪ ನಿಲ್ಲಿಸಿ ಹೊರಗೆ ಬಂದರು.

"ಮಾತು ಕೇಳಿದ್ರೆ ನನ್ನ ತವರಿನ ಕಡೇದು ಇದ್ದ ಹಾಗಿದೆ," ಎಂದರು. "ಯಾವ ಊರಪ್ಪ ನೀನು? ಯಾರ ಪೈಕಿ?"

ತಮ್ಮಯ್ಯನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಊರು ಹೇಳಿದ, ಕೇರಿ ಹೇಳಿದ, ತನ್ನ ಶಂಖ ಎಷ್ಟು ತಲೆಮಾರಿನದು ಎಂದು ಹೇಳಿದ. ಇಷ್ಟು ದೂರದಲ್ಲಿ ತನ್ನ ಶಂಖದ ಬೆಲೆ ತಿಳಿದವರೊಬ್ಬರು ಸಿಕ್ಕಿದರಲ್ಲ ಎಂದು ಅವನಿಗೆ ಹಿಗ್ಗು. ಮಹಡಿಯ ಕಿಟಕಿಯಲ್ಲಿ ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ ದಿನೇಶ ಎಲ್ಲವನ್ನೂ ಕೇಳಿಸಿಕೊಂಡ.

ಭೀಮಾಬಾಯಿ ಕೂಗಾಡಲಿಲ್ಲ. ಅವರ ತವರು ಮಳವಳ್ಳಿ ಕಡೆ, ತಂದೆ ಶಾನುಭೋಗರು. ಅವರ ಮನೆಯ ಅಂಗಳದಲ್ಲೂ ದಾಸಯ್ಯಗಳು ಬಂದು ಮಣೇವು ಹಾಕುತ್ತಿದ್ದುದನ್ನು ಲಂಗ ಉಡುವ ವಯಸ್ಸಿನಲ್ಲಿ ನೋಡಿದ್ದರು. ದಾಸಯ್ಯ ಮನೆ ಮೇಲಿರುವುದು ಪುಣ್ಯವೇ ಎಂದರು. ಎಂದವರು ಮಧ್ಯಾಹ್ನಕ್ಕೆ ಸೊಸೆಯ ಕೈಯಲ್ಲಿ ಹೇಳಿಕಳಿಸಿದರು. ಇನ್ನು ಮೇಲೆ ಹಿತ್ತಿಲ ಕಡೆಯ ಕಬ್ಬಿಣದ ಸುತ್ತುಮೆಟ್ಟಿಲಲ್ಲಿ ಓಡಾಡಿದರೆ ಒಳ್ಳೆಯದು, ಮುಂದಿನ ಮೆಟ್ಟಿಲು ದೇವರ ಮನೆಯ ಪಕ್ಕ ಹಾಯುತ್ತದೆ. ಕೆಳಗಿನ ನಲ್ಲಿಯೂ ಬೇಡ, ಹಿತ್ತಿಲಲ್ಲಿ ಇನ್ನೊಂದು ಇದೆ. ಬಹಳ ಮೆತ್ತಗಿನ ಮಾತಿನಲ್ಲಿ ಹೇಳಿದಳು ಶ್ರೀಪ್ರಿಯಾ. ಇಂಥ ಮಾತುಗಳನ್ನು ಈಗ ಯಾರೂ ಜೋರಾಗಿ ಹೇಳುವುದಿಲ್ಲ.

ದಿನೇಶ ಎದುರಾಡಲಿಲ್ಲ. ಆಡಬಹುದಿತ್ತು. ಕಾನೂನು ಅವನಿಗೆ ಗೊತ್ತಿತ್ತು, ಕಚೇರಿಯಲ್ಲಿ ಸಂಘವಿತ್ತು. ಆದರೆ ಕದ್ದವನು ತಾನೇ ಎಂದು ಅವನಿಗೆ ಅನಿಸಿತ್ತು. ಅಪ್ಪನ ನಾಮ ತೋರಿಸಿ ಮನೆ ಹಿಡಿದವನು ತಾನು, ಈಗ ಸಿಕ್ಕಿಬಿದ್ದಿದ್ದೇನೆ, ಹಿತ್ತಿಲ ಮೆಟ್ಟಿಲಿನ ಶಿಕ್ಷೆ ಕಡಿಮೆಯೇ ಆಯಿತು ಎಂದುಕೊಂಡ. ಬಾಗಿಲು ಮುಚ್ಚಿದ ಏಳು ಮನೆಯವರಿಗೆ ಒಂದು ದಿನವೂ ಹೀಗೆ ಅನಿಸಿರಲಾರದು. ತಪ್ಪು ಮಾಡಿದ ಭಾವ ಬರುವುದೂ ಈ ದೇಶದಲ್ಲಿ ಒಂದು ಕಡೆಯವರಿಗೇ. ತಮ್ಮಯ್ಯ ಊದಿದ ಮಂಡಿ ಎತ್ತಿ ಎತ್ತಿ ಇಟ್ಟು ಆ ಸುತ್ತುಮೆಟ್ಟಿಲು ಹತ್ತುತ್ತಿದ್ದ. ದಿನೇಶ ಹಿಂದಿನಿಂದ ಸೊಂಟ ಹಿಡಿದುಕೊಳ್ಳುತ್ತಿದ್ದ.

ಪುರಟ್ಟಾಸಿ ತಿಂಗಳು ಹುಟ್ಟಿತು. ತಮಿಳರಿಗೆ ಪೆರುಮಾಳಿನ, ಅಂದರೆ ತಿಮ್ಮಪ್ಪನ ತಿಂಗಳು. ಶನಿವಾರ ಬಂತೆಂದರೆ ಬೀದಿಯಲ್ಲೆಲ್ಲ ನಾಮ, ತುಳಸಿ, ಗೋವಿಂದ. ನಮ್ಮ ಶ್ರಾವಣ ಮುಗಿದ ಮೇಲೆ ಇವರ ಶ್ರಾವಣ ಎಂದು ತಮ್ಮಯ್ಯ ಖುಷಿಪಟ್ಟ. ಒಂದು ಬೆಳಿಗ್ಗೆ ಭೀಮಾಬಾಯಿ ಅವನನ್ನು ಹಿತ್ತಿಲಿಗೆ ಕರೆಸಿದರು. ಮೊಮ್ಮಗ ಅನಿಕೇತ್‌ಗೆ ಬೇಸಿಗೆಯಲ್ಲಿ ಡೆಂಗಿ ಬಂದು ಒಂಬತ್ತು ದಿನ ಬದುಕುತ್ತಾನೋ ಇಲ್ಲವೋ ಎಂದಾಗಿತ್ತು. ಇಂಜಿನಿಯರಿಂಗ್ ಮುಗಿಸಿದ ಹುಡುಗ, ಒಬ್ಬನೇ ಮೊಮ್ಮಗ.

"ಹುಡುಗ ಐಸಿಯುನಲ್ಲಿ ಇರೋವಾಗ ನಾನು ವೇಂಡಿಕೊಂಡಿದ್ದೆ, ಪಿಳ್ಳೆ ಉಳಿದ್ರೆ ಮಣೇವು ಹಾಕಿಸ್ತೀನಿ ಅಂತ," ಎಂದರು ಮುದುಕಿ. "ಈ ಮದ್ರಾಸಿನಲ್ಲಿ ದಾಸಯ್ಯನ್ನ ಎಲ್ಲಿಂದ ತರೋದು ಅನ್ನೋದೇ ಕವಲೆಯಾಗಿತ್ತು. ಅವನೇ ನಿನ್ನ ಕಳಿಸಿದಾನೆ ನೋಡು. ಕಂಡಿಪ್ಪಾ, ತಪ್ಪದೆ ಮಾಡಿಕೊಡಬೇಕು."

ತಮ್ಮಯ್ಯ ಅಲ್ಲೇ ಒಪ್ಪಿಕೊಂಡ. ಮೇಲೆ ಬಂದು ಹೆಂಡತಿಗೆ ಹೇಳುವಾಗ ಅವನ ಕಣ್ಣು ತುಂಬಿತ್ತು. ದೇವರು ಇಲ್ಲಿವರೆಗೂ ಹುಡುಕಿಕೊಂಡು ಬಂದ ಎಂದ. ದಿನೇಶ ಸಂಜೆ ಕಚೇರಿಯಿಂದ ಬಂದವನು ವಿಷಯ ತಿಳಿದು ಹಾರಾಡಿದ. ಮಂಡಿ ಊರಬಾರದು ಎಂದು ಡಾಕ್ಟರು ಹೇಳಿಲ್ಲವೇ ಎಂದ. ಹಿತ್ತಿಲಿಗೆ ತಳ್ಳಿದವರ ಹರಕೆ ನಮಗೇಕೆ ಎಂದ. ತಮ್ಮಯ್ಯ ಎಲ್ಲ ಕೇಳಿ, ಹರಕೆ ಅವರದಿರಬಹುದು, ದೇವರು ನನ್ನವನು ಎಂದ.

ಪ್ರೇಮಮ್ಮ ಮಗನನ್ನು ಅಡಿಗೆಮನೆಗೆ ಕರೆದಳು. ಅವಳಿಗೆ ದೇವರೂ ಬೇಕಿರಲಿಲ್ಲ, ದಂಗೆಯೂ ಬೇಕಿರಲಿಲ್ಲ. ಗಂಡನ ಮಂಡಿಗೆ ದಿನವೂ ಎಣ್ಣೆ ತಿಕ್ಕುವವಳು ಅವಳು.

"ನೀನು ಬ್ಯಾಡ ಅಂದ್ರೆ ನಿಮ್ಮಪ್ಪ ಬುಡಾಕಿಲ್ಲ, ತಾನೇ ಊರ್ತಾರೆ. ಆಮ್ಯಾಕೆ ಯಾರು ಎಬ್ಬುಸೋರು? ಶಂಖ ನಿನ್ ಕೈಗೆ ಬಂದ್ರೆ ನೀನೇ ಮಾಡ್ಬೋದು ಅಂತವ್ರೆ. ಒಂದಿನ ನೀನು ಮಂಡಿ ಊರುದ್ರೆ ಏನು ಸವೆದೋಯ್ತೀಯ ಮಗ?"

ಆ ಪ್ರಶ್ನೆ ದಿನೇಶನನ್ನು ನಾಲ್ಕು ದಿನ ಕಾಡಿತು. ಬಸ್ಸಿನಲ್ಲಿ ಕಾಡಿತು, ಕಚೇರಿಯ ಕ್ಯಾಂಟೀನಿನಲ್ಲಿ ಕಾಡಿತು. ಅಪ್ಪನ ಮಂಡಿ ಸವೆದದ್ದು ತನ್ನ ಫೀಸಿಗೆ, ತನ್ನ ಪುಸ್ತಕಕ್ಕೆ. ತನ್ನ ಮಂಡಿಗೆ ಏನಾಗಿದೆ? ದಿನಾ ಬೆಳಿಗ್ಗೆ ಮರೀನಾದಲ್ಲಿ ಓಡುವ ಮಂಡಿ. ಒಂದು ಅರ್ಧ ಗಂಟೆ. ಕಣ್ಣು ಮುಚ್ಚಿಕೊಂಡು ತಿಂದು ಎದ್ದರೆ ಮುಗಿಯಿತು. ಅಪ್ಪನ ಋಣದಲ್ಲಿ ಇಷ್ಟಾದರೂ ತೀರಲಿ ಎಂದುಕೊಂಡು, ಗುರುವಾರ ಅಪ್ಪನಿಗೆ ಆಯ್ತು ಎಂದ. ತಮ್ಮಯ್ಯ ಮಗನ ತಲೆ ಸವರಿದ. ಹೈಸ್ಕೂಲು ದಾಟಿದ ಮೇಲೆ ಅಪ್ಪ ತಲೆ ಸವರಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ತಮ್ಮಯ್ಯ ಮಗನ ತಲೆಗೆ ತಾನೇ ನೀರು ಹಾಕಿದ. ಎದುರು ಕೂರಿಸಿಕೊಂಡು ನಾಮ ಎಳೆದ. ನಡುವಿನ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದ. ಶಂಖವನ್ನು ಕೊರಳಿಗೆ ಹಾಕುವಾಗ ತನ್ನ ಅಪ್ಪನ ಹೆಸರು, ಅಜ್ಜನ ಹೆಸರು, ಅವರಪ್ಪನ ಹೆಸರು ಹೇಳಿ, ಕೊನೆಗೆ ದಿನೇಶ ಎಂದು ಸೇರಿಸಿದ. ಸಾಲು ನಿಂತುಹೋಗುತ್ತದೆ ಎಂದು ಹತ್ತು ವರ್ಷದಿಂದ ಹೆದರಿದ್ದವನ ಮುಖದಲ್ಲಿ ಅಂದು ಎಂಥ ನೆಮ್ಮದಿಯಿತ್ತೆಂದರೆ, ಅದನ್ನು ನೋಡಲಾರದೆ ದಿನೇಶ ಕಣ್ಣು ಮುಚ್ಚಿಕೊಂಡ. ಅಪ್ಪ ಅದನ್ನೂ ಭಕ್ತಿ ಎಂದುಕೊಂಡ.

ಜಾಗ ಗೊತ್ತುಮಾಡಿದ್ದು ಕಾರು ನಿಲ್ಲಿಸುವ ಶೆಡ್ಡಿನಲ್ಲಿ. ಮನೆಯ ಹಾಲಿನಲ್ಲಿ ಕೂಡದು, ಮಾಳಿಗೆಯ ಮೇಲೂ ಕೂಡದು, ಅಲ್ಲಿ ತುಳಸಿಕಟ್ಟೆ ಇದೆ. ಕಾರನ್ನು ಬೀದಿಗೆ ತಳ್ಳಿ ಸಿಮೆಂಟು ನೆಲಕ್ಕೆ ನೀರು ಹಾಕಿದ್ದರು. ಇಂಜಿನ್ ಎಣ್ಣೆಯ ಕರಿ ಕಲೆ ಹೋಗಿರಲಿಲ್ಲ. ಅದರ ಮೇಲೆ ಒಂದು ಹಳೆಯ ಪಂಚೆ ಹಾಸಿದ್ದರು. ಶೆಡ್ಡಿನ ಆಚೆ, ಮನೆಯ ಮೆಟ್ಟಿಲ ಮೇಲೆ ಭೀಮಾಬಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ರೇಷ್ಮೆ ಪಂಚೆಯ ಸಂಜೀವ ರಾವ್. ಅನಿಕೇತ್ ಕಂಬಕ್ಕೆ ಒರಗಿ ನಿಂತಿದ್ದ. ಸಣಕಲು ಹುಡುಗ, ಕಾಯಿಲೆಯ ಬಿಳಿಚು ಇನ್ನೂ ಮುಖದಲ್ಲಿತ್ತು, ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ಶ್ರೀಪ್ರಿಯಾಳ ಕೈಯಲ್ಲಿ ಫೋನಿತ್ತು. ಅಮೆರಿಕದ ನಾದಿನಿಗೆ ವಿಡಿಯೋ ಕಳಿಸಬೇಕಿತ್ತು.

ತಮ್ಮಯ್ಯ ಗೋಡೆ ಹಿಡಿದು ನಿಂತು ಜಾಗಟೆ ಬಾರಿಸಿದ. ಪ್ರೇಮಮ್ಮ ಮೂಲೆಯಲ್ಲಿ ಸೆರಗು ಹೊದ್ದು ನಿಂತಳು. ಶ್ರೀಪ್ರಿಯಾ ರಸಾಯನದ ಪಾತ್ರೆ ತಂದಳು. ತಟ್ಟೆಗೆ ತಾಗದ ಹಾಗೆ ಮೇಲಿನಿಂದ ಸುರಿದಳು. ನಾಲ್ಕು ಹನಿ ದಿನೇಶನ ಪಾದದ ಮೇಲೆ ಬಿತ್ತು.

ದಿನೇಶ ಅಂಗಿ ಬಿಚ್ಚಿದ. ಮಂಡಿಯೂರಿದ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಗ್ಗಿದ. ಕೈಯಿಲ್ಲದೆ ಬಗ್ಗುವುದು ಅಷ್ಟು ಸುಲಭವಲ್ಲ ಎಂದು ಆಗಲೇ ತಿಳಿದದ್ದು. ಹೊಟ್ಟೆ ಎಳೆಯುತ್ತದೆ, ಕತ್ತು ನಡುಗುತ್ತದೆ, ಒಂದಿಷ್ಟು ತಪ್ಪಿದರೆ ಮುಖ ಪೂರ್ತಿ ತಟ್ಟೆಗೆ ಬೀಳುತ್ತದೆ. ಬಿದ್ದಿತು. ಮೂಗಿಗೆ ಹಣ್ಣು ಹೋಯಿತು. ಬಾಯಿ ತೆರೆದು ಕಚ್ಚಿದ. ಗೋವಿಂದಾ ಎಂದು ಅಪ್ಪ ಕೂಗಿದ. ಅವನ ಜೊತೆ ಮೆಟ್ಟಿಲ ಮೇಲಿನವರೂ ಕೂಗಿದರು. ಪಂಚೆಯ ಅಡಿಯಿಂದ ಎಣ್ಣೆ ವಾಸನೆ ಬರುತ್ತಿತ್ತು. ಬಾಯಲ್ಲಿ ಮಾತ್ರ ರುಚಿಯಾಗಿತ್ತು, ಆ ರುಚಿಗೇ ಅವನಿಗೆ ನಾಚಿಕೆಯಾಯಿತು. ನಾಲ್ಕು ತುತ್ತು ತಿಂದಿರಬೇಕು.

ಆಗ ಶ್ರೀಪ್ರಿಯಾ ಒಂದು ನಿಮಿಷ ಎಂದಳು. ವಿಡಿಯೋ ಆನ್ ಆಗಿರಲಿಲ್ಲವಂತೆ. ಬೇಜಾರು ಮಾಡಿಕೊಳ್ಳಬಾರದು, ಮೊದಲಿನಿಂದ ಇನ್ನೊಂದು ಸಲ ಮಾಡಲಾದೀತೇ ಎಂದು ಕೇಳಿದಳು. ಮುಖ ಒರೆಸಿಕೊಂಡು, ಬಗ್ಗುವಲ್ಲಿಂದ. ಸ್ವಲ್ಪ ಬೆಳಕಿನ ಕಡೆ ತಿರುಗಿ.

ದಿನೇಶ ತಲೆ ಎತ್ತಿದ. ಗಲ್ಲದಿಂದ ಬೆಲ್ಲದ ನೀರು ಎದೆಗೆ ಇಳಿಯುತ್ತಿತ್ತು. ಎದ್ದು ನಿಂತ.

"ಇನ್ನೊಂದ್ಸಲ ಆಗಲ್ಲ," ಎಂದ. "ಇದೂ ಆಗಬಾರದಿತ್ತು. ತಟ್ಟೆಗೆ ಬಾಯಿ ಹಾಕೋದು ನಾಯಿ ಕೆಲಸ. ನಾನು ನಾಯಿ ಅಲ್ಲ."

ಆ ಮಾತನ್ನು ಅವನು ಮೆಟ್ಟಿಲ ಕಡೆ ಎಸೆದಿದ್ದ. ಅದು ಬಿದ್ದದ್ದು ಗೋಡೆ ಹಿಡಿದು ನಿಂತಿದ್ದವನ ಮೇಲೆ. ಜಾಗಟೆ ನಿಂತಿತು.

ನಾಯಿ ಎಂದು ನಾವು ಯಾರಾದರೂ ಅಂದೆವೇ, ಇದು ದೇವರ ಸೇವೆಯಲ್ಲವೇ ಎಂದು ಭೀಮಾಬಾಯಿ ನೊಂದ ದನಿಯಲ್ಲಿ ಕೇಳಿದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಅದೇ ಈ ಕಥೆಯಲ್ಲಿ ತಡೆಯಲಾಗದ್ದು.

"ದೇವರ ಸೇವೆ ಆದ್ರೆ ನಿಮ್ಮ ಮೊಮ್ಮಗನೇ ಮಾಡಲಿ," ಎಂದ ದಿನೇಶ. "ಉಳಿದದ್ದು ಅವರ ಜೀವ. ತಟ್ಟೇಲಿ ಇನ್ನೂ ಇದೆ."

ಸಂಜೀವ ರಾವ್ ಮೆಟ್ಟಿಲಿಳಿದು ಮಾತಿನ ಮೇಲೆ ನಿಗಾ ಇರಲಿ ಎಂದು ಇಂಗ್ಲಿಷಿನಲ್ಲಿ ಗದರಿದರು. ಅನಿಕೇತ್‌ಗೆ ಕನ್ನಡ ಪೂರ್ತಿ ಅರ್ಥವಾಗಿತ್ತೋ ಇಲ್ಲವೋ. ಆದರೆ ಅವನು ಕಂಬ ಬಿಟ್ಟು ಮುಂದೆ ಬಂದ, ನಾನೇ ಮಾಡಲೇ ಪಾಟಿ ಎಂದು ಅಜ್ಜಿಯನ್ನು ತಮಿಳಿನಲ್ಲಿ ಕೇಳಿದ, ಚಪ್ಪಲಿಯಿಂದ ಒಂದು ಕಾಲನ್ನೂ ತೆಗೆದ. ಮುದುಕಿ ಕುರ್ಚಿಯಿಂದ ಎದ್ದು ಅವನ ರಟ್ಟೆ ಹಿಡಿದೆಳೆದರು. ಎಂಬತ್ತು ದಾಟಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಅಸಹ್ಯ ಮಾಡಬೇಡ," ಎಂದರು. "ನಮ್ಮ ಹುಡುಗ ಯಾಕೆ ಮಂಡಿ ಊರಬೇಕು? ಅದಕ್ಕೆ ಅವರು ಇದಾರಲ್ಲ."

ಸೇವೆ ಯಾವುದು, ಅಸಹ್ಯ ಯಾವುದು ಎಂದು ಅವರ ಬಾಯಿಂದಲೇ ಬಂದಿತ್ತು. ದಿನೇಶ ಅಂಗಿ ಎತ್ತಿಕೊಂಡು, ನಡಿಯಪ್ಪ ಎಂದ. ಅಪ್ಪ ತನ್ನ ಹಿಂದೆ ಬರುತ್ತಾನೆ ಎಂದುಕೊಂಡಿದ್ದ.

ತಮ್ಮಯ್ಯ ಬರಲಿಲ್ಲ. ಜಾಗಟೆಯನ್ನು ನೆಲದ ಮೇಲಿಟ್ಟ. ಮಗನ ಕೊರಳಿನಿಂದ ಶಂಖ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ತೆಗೆಯುವಾಗ ಮಗನ ಮುಖ ನೋಡಲಿಲ್ಲ.

"ಹರಕೆ ಅರ್ಧಕ್ಕೆ ನಿಲ್ಬಾರ್ದು," ಎಂದ.

ಎಡಗೈಯಿಂದ ಗೋಡೆ ಹಿಡಿದು ಬಲ ಮಂಡಿಯನ್ನು ಇಳಿಸಿದ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು, ಅದು ಎಲ್ಲರಿಗೂ ಕೇಳಿಸಿತು. ಎಡ ಮಂಡಿ ಇಳಿಸಿದ. ಪ್ರೇಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಮ್ಮಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿದ. ಮಗ ಕಚ್ಚಿ ಬಿಟ್ಟಿದ್ದ ಹಣ್ಣಿಗೆ ಬಾಯಿ ಹಾಕಿದ.

ದಿನೇಶ ಹೋಗಿ ಎತ್ತಬಹುದಿತ್ತು. ತಟ್ಟೆಯನ್ನು ಕಾಲಿನಿಂದ ಒದೆಯಬಹುದಿತ್ತು. ಅಥವಾ ಪಕ್ಕದಲ್ಲೇ ಮತ್ತೆ ಮಂಡಿಯೂರಿ, ನೀನು ಏಳಪ್ಪ, ನಾನು ಮುಗಿಸುತ್ತೇನೆ ಎನ್ನಬಹುದಿತ್ತು. ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಎತ್ತಿದರೆ ಇಷ್ಟು ಜನರೆದುರು ಅಪ್ಪನನ್ನು ಇನ್ನೊಂದು ಸಲ ಕೆಳಗೆ ಹಾಕಿದಂತಾಗುತ್ತದೆ ಎಂದು ಅನಿಸಿತು. ಅಂಗಿಯನ್ನು ಎದೆಗೆ ಹಿಡಿದು ನಿಂತೇ ಇದ್ದ. ತನ್ನ ಮಂಡಿ ಉಳಿಯಿತು, ಅಪ್ಪನದು ಹೋಗುತ್ತಿದೆ ಎಂದು ನೋಡುತ್ತಲೇ ನಿಂತಿದ್ದ. ಶ್ರೀಪ್ರಿಯಾಳ ಫೋನು ಈ ಸಲ ಸರಿಯಾಗಿ ಓಡುತ್ತಿತ್ತು.

ತಟ್ಟೆ ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ನಡುನಡುವೆ ತಮ್ಮಯ್ಯ ಉಸಿರಿಗೆ ನಿಲ್ಲುತ್ತಿದ್ದ. ಗೋವಿಂದಾ ಎನ್ನುವವರು ಯಾರೂ ಇರಲಿಲ್ಲ. ಅನಿಕೇತ್ ಒಳಗೆ ಓಡಿಹೋಗಿದ್ದ. ಕೊನೆಗೆ ತಮ್ಮಯ್ಯನೇ ಒಂದು ಸಲ ಗೋವಿಂದಾ ಎಂದ. ತುಂಬಿದ ಬಾಯಿಂದ ಅದು ಸರಿಯಾಗಿ ಬರಲಿಲ್ಲ. ಏಳಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ. ಕೈ ಬಿಚ್ಚಿ ನೆಲಕ್ಕೆ ಊರಿ, ನಾಲ್ಕು ಕಾಲಿನ ಮೇಲೆ ಹಾಗೇ ಉಳಿದ.

ದಿನೇಶ ಬಗ್ಗಿ ಅಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡ. ಮುಂದಿನ ಮೆಟ್ಟಿಲ ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು. ಅಲ್ಲಿ ಸಂಜೀವ ರಾವ್ ನಿಂತಿದ್ದರು. ದಿನೇಶ ಅವರ ಕಡೆಗೇ ನಡೆದ. ಮುಖ ತುಂಬ ಹಣ್ಣು ಬಳಿದುಕೊಂಡ ಇಬ್ಬರನ್ನು ಮೈಗೆ ತಾಗಿಸಿಕೊಳ್ಳಲು ಇಷ್ಟವಿರಲಿಲ್ಲವೋ, ಬೇರೆ ಏನೋ, ಅವರು ಸರಿದು ದಾರಿ ಬಿಟ್ಟರು. ದೇವರ ಮನೆಯ ಪಕ್ಕದಲ್ಲಿ ಹಾದು ಅವನು ಮಹಡಿ ಹತ್ತಿದ. ಕಿವಿಯ ಹತ್ತಿರ ಅಪ್ಪನ ಉಸಿರು ಬಿಸಿಯಾಗಿತ್ತು. ಅಪ್ಪ ಇಷ್ಟು ಹಗುರವಾದದ್ದು ಯಾವಾಗ ಎಂದು ಅವನಿಗೆ ತಿಳಿದಿರಲಿಲ್ಲ.

ಮಧ್ಯಾಹ್ನಕ್ಕೆ ಫೋನಿನಲ್ಲಿ ಸಂದೇಶ ಬಂತು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಕೆಳಗೆ ಸಹಿ, ಸಂಜೀವ ರಾವ್. ಅದನ್ನು ಓದಿ ದಿನೇಶನಿಗೆ ಸಿಟ್ಟೂ ಬರಲಿಲ್ಲ. ಅವನ ತಲೆಯಲ್ಲಿ ನಾಯಿ ಎಂಬ ಒಂದೇ ಒಂದು ಪದ ಸುತ್ತುತ್ತಿತ್ತು. ಎಷ್ಟು ಪದಗಳಿದ್ದವು. ಮನುಷ್ಯ ಮಾಡುವ ಕೆಲಸವಲ್ಲ ಎನ್ನಬಹುದಿತ್ತು. ನನ್ನಿಂದ ಆಗದು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ನಲವತ್ತು ವರ್ಷ ಅದನ್ನೇ ಮಾಡಿದವನ ಎದುರು, ಅವನನ್ನು ಹಿತ್ತಿಲಿಗೆ ತಳ್ಳಿದವರು ಕೇಳುವ ಹಾಗೆ, ಆ ಪದವೇ ಬಾಯಿಗೆ ಬರಬೇಕಿತ್ತೇ. ನಿರಾಕರಿಸಿದ್ದು ತಪ್ಪಲ್ಲ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ಸಲ ಕೇಳಿದರೂ ನಿರಾಕರಿಸುತ್ತಿದ್ದ.

ತಮ್ಮಯ್ಯ ಚಾಪೆಯ ಮೇಲೆ ಮಲಗಿದ್ದ. ಕೊಟ್ಟ ಗಂಜಿಯನ್ನು ಮುಟ್ಟಿರಲಿಲ್ಲ. ಎರಡೂ ಮಂಡಿ ಊದಿ ಕುಂಬಳಕಾಯಿಯಾಗಿದ್ದವು. ಪ್ರೇಮಮ್ಮ ಬಿಸಿನೀರು ತಂದಿಟ್ಟು ದೂರ ಕೂತಳು. ದಿನೇಶ ಬಟ್ಟೆ ಅದ್ದಿ ಹಿಂಡಿ ಕಾವು ಕೊಡತೊಡಗಿದ. ಹೊರಗೆ ಶನಿವಾರದ ಭಜನೆಯವರು ಬೀದಿಯಲ್ಲಿ ಹಾದುಹೋದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದ ತಮ್ಮಯ್ಯ. ಕಣ್ಣು ಸೂರಿನ ಕಡೆಗಿತ್ತು. "ಊರಲ್ಲೂವೆ ನಾನು ನಿಂಗೆ ಹಂಗೇ ಕಾಣ್ತಿದ್ನಾ? ನಾಯಿ ಹಂಗೆ?"

ಬಟ್ಟೆ ಹಿಡಿದ ಕೈ ನಿಂತಿತು. ಇಲ್ಲಪ್ಪ ಎನ್ನಲು ಬಾಯಿ ತೆರೆದ. ಅರ್ಧ ನಿಜ ಹೇಳಿ ದಾಟಿಕೊಳ್ಳುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಇಷ್ಟು ವರ್ಷ ಅದರಲ್ಲೇ ಬದುಕಿದ್ದ. ಈಗ ಆಗಲಿಲ್ಲ. ಹೂಂ ಅಪ್ಪ ಎಂದ. ಪ್ರೇಮಮ್ಮ ಎದ್ದು ಒಳಗೆ ಹೋದಳು.

ಅಪ್ಪ ಬೈಯುತ್ತಾನೆ, ಅಳುತ್ತಾನೆ, ಎದ್ದು ಹೋಗು ಎನ್ನುತ್ತಾನೆ ಎಂದು ದಿನೇಶ ಕಾದ.

"ನಂಗೂ ನಮ್ಮಪ್ಪ ಹಂಗೇ ಕಾಣ್ತಿದ್ದ," ಎಂದ ತಮ್ಮಯ್ಯ. "ಮೊದಲ್ನೇ ಸಲ ನನ್ನ ಮಂಡಿ ಊರಿಸ್ದಾಗ ನಂಗೆ ನಿನಗಿಂತ ಚಿಕ್ಕ ವಯಸ್ಸು. ಬ್ಯಾಡ ಅನ್ನಾಣ ಅನ್ಕಂಡೆ ಮಗ. ಅನ್ನಾಕೆ ಬಾಯಿ ಎಲ್ಲಿತ್ತು? ಬಾಯಿ ತಟ್ಟೇಲಿತ್ತು."

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡ. ಅಪ್ಪನಿಗೆ ಅದು ಭಕ್ತಿ, ಅವನಿಗೆ ಅದರಲ್ಲಿ ಅವಮಾನವೇ ಕಾಣುವುದಿಲ್ಲ ಎಂದು ದಿನೇಶ ಇಷ್ಟು ವರ್ಷ ನಂಬಿದ್ದ. ಆ ನಂಬಿಕೆಯಲ್ಲೇ ಅವನೊಬ್ಬನನ್ನೇ ಆ ಅಂಗಳಗಳಲ್ಲಿ ಬಿಟ್ಟು ಬಂದಿದ್ದ, ಬಿಟ್ಟು ಬಂದು ಓದಿದ್ದ, ಕೆಲಸ ಹಿಡಿದಿದ್ದ, ನಿದ್ದೆ ಮಾಡಿದ್ದ. ಅವನು ಆ ಎರಡು ಮಂಡಿಗಳನ್ನೂ ಅಂಗೈಯಲ್ಲಿ ಹಿಡಿದುಕೊಂಡು, ತಪ್ಪಾಯ್ತಪ್ಪ ಎಂದ. ಯಾವ ತಪ್ಪು ಎಂದು ತಮ್ಮಯ್ಯ ಕೇಳಲಿಲ್ಲ.